ವಿಪಿಎನ್ ಸೇರಿತು, ಫೈಲು ಸಿಗಲಿಲ್ಲ

ಮನೆಯಿಂದ ಕಚೇರಿಯ ಜಾಲಕ್ಕೆ ಸೇರಿಸುವ ವಿಪಿಎನ್ ‘ಕನೆಕ್ಟೆಡ್’ ಎನ್ನುತ್ತದೆ, ಮೇಲ್ ಬರುತ್ತದೆ, ವಿಡಿಯೊ ಕರೆಯೂ ನಡೆಯುತ್ತದೆ. ಕಚೇರಿಯ ಶೇರ್ಡ್ ಫೋಲ್ಡರ್ ಮಾತ್ರ ತೆರೆಯುವುದಿಲ್ಲ. ಚಿಕ್ಕೋಡಿ ತಾಲೂಕಿನ ಕಬ್ಬೂರದಂಥ ಊರಲ್ಲಿ ಕುಳಿತು ಬೆಂಗಳೂರು, ಪುಣೆಗಳ ಕಚೇರಿಗೆ ದುಡಿಯುವವರು ಇದನ್ನು ಹೇಳಿಕೊಂಡರೆ ಸುಲಭವಾಗಿ ಸಿಗುವ ಉತ್ತರ, ಹಳ್ಳಿಯ ನೆಟ್‌ವರ್ಕ್ ಸರಿಯಿಲ್ಲ ಎಂಬುದು. ಅದನ್ನು ನಂಬಿ ದುಬಾರಿ ಪ್ಲಾನ್ ಹಾಕಿಸಿಕೊಂಡರೂ ಫೋಲ್ಡರ್ ತೆರೆಯದೇ ಹೋಗಬಹುದು. ವಿಡಿಯೊ ಕರೆಯನ್ನು ಹೊತ್ತು ನಡೆಸುವ ಲೈನಿಗೆ ಒಂದು ಎಕ್ಸೆಲ್ ಫೈಲು ಭಾರವಲ್ಲ. ಇಂಥಲ್ಲಿ ಮೊದಲು ಅನುಮಾನಿಸಬೇಕಾದದ್ದು ವೇಗವನ್ನಲ್ಲ, ವಿಳಾಸವನ್ನು. ಕೇಂದ್ರ ದೂರಸಂಪರ್ಕ ಇಲಾಖೆ 2020ರ ಮಾರ್ಚ್‌ನಲ್ಲಿ ತಾತ್ಕಾಲಿಕವಾಗಿ ನಿಯಮ ಸಡಿಲಿಸಿ, ನವೆಂಬರ್‌ನಲ್ಲಿ ಮಾರ್ಗಸೂಚಿಯನ್ನೇ ಬದಲಿಸಿ, ಐಟಿ ಮತ್ತು ಬಿಪಿಒ ನೌಕರರು ದೇಶದ ಎಲ್ಲಿಂದಲಾದರೂ ಕೆಲಸ ಮಾಡಲು ದಾರಿ ಮಾಡಿಕೊಟ್ಟಿತು. ಊರಲ್ಲೇ ಇದ್ದು ದುಡಿಯುವ ಆ ಅವಕಾಶ ತಪ್ಪು ರೋಗನಿರ್ಣಯದಿಂದ ಕೈತಪ್ಪುವುದು ದೊಡ್ಡ ಅನ್ಯಾಯ.

ಮನೆಯ ರೌಟರ್ ಲ್ಯಾಪ್‌ಟಾಪ್, ಮೊಬೈಲ್, ಟಿವಿಗಳಿಗೆ ಖಾಸಗಿ ಐಪಿ ಸಂಖ್ಯೆಗಳನ್ನು, ಅಂದರೆ ವಿಳಾಸಗಳನ್ನು, ಹಂಚುತ್ತದೆ. ಯಾರು ಬೇಕಾದರೂ ತಮ್ಮೊಳಗೆ ಬಳಸಿಕೊಳ್ಳಲೆಂದು ಇಂಥ ಮೂರು ಸರಣಿಗಳನ್ನು ಮೀಸಲಿಟ್ಟಿದ್ದಾರೆ. 1996ರಲ್ಲಿ ಬಂದ ಆರ್‌ಎಫ್‌ಸಿ 1918 ಎಂಬ ದಾಖಲೆ ಅವನ್ನು ವಿವರಿಸುತ್ತದೆ. 10ರಿಂದ ಶುರುವಾಗುವ ಸರಣಿಯೊಂದರಲ್ಲೇ 1.67 ಕೋಟಿಗೂ ಹೆಚ್ಚು ಸಂಖ್ಯೆಗಳಿವೆ. ಇಷ್ಟು ವಿಸ್ತಾರವಿದ್ದರೂ ಮಾರುಕಟ್ಟೆಗೆ ಬರುವ ಎಷ್ಟೋ ರೌಟರ್‌ಗಳು 192.168.1 ಇಲ್ಲವೇ 192.168.0 ಎಂದೇ ಎಣಿಕೆ ಆರಂಭಿಸುತ್ತವೆ, ಸಣ್ಣ ಕಚೇರಿಗಳೂ ಅದನ್ನೇ ಹಾಗೆಯೇ ಉಳಿಸಿಕೊಳ್ಳುತ್ತವೆ. ಕಚೇರಿಯ ಸರ್ವರ್ 192.168.1.20ರಲ್ಲಿದ್ದು ಮನೆಯೂ 192.168.1ರಲ್ಲೇ ಇದ್ದರೆ, ಲ್ಯಾಪ್‌ಟಾಪ್ ಆ ಸರ್ವರನ್ನು ಮನೆಯೊಳಗೇ ಹುಡುಕಿ ಸುಮ್ಮನಾಗುತ್ತದೆ. ತಾಲೂಕು, ಜಿಲ್ಲೆ ಬರೆಯದೆ ‘ಹೊಸೂರು’ ಎಂದಷ್ಟೇ ಬರೆದ ಪತ್ರ ಪಕ್ಕದ ಹೊಸೂರಿಗೇ ಹೋಗಿ ನಿಂತ ಹಾಗೆ. ವಿಪಿಎನ್ ರಸ್ತೆಯನ್ನು ಹಾಕಿಕೊಟ್ಟಿದ್ದರೂ ಆ ರಸ್ತೆಗೆ ಯಾರೂ ಇಳಿಯುವುದಿಲ್ಲ. ಇದನ್ನು ಪರೀಕ್ಷಿಸಲು ಮನೆಯ ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್‌ನಿಂದ ಅದೇ ವಿಪಿಎನ್‌ಗೆ ಸೇರಿ ನೋಡಬೇಕು. ಹಾಟ್‌ಸ್ಪಾಟ್ ಸಾಮಾನ್ಯವಾಗಿ ಬೇರೆ ಸಂಖ್ಯೆ ಕೊಡುತ್ತದೆ. ಅಲ್ಲಿ ಫೋಲ್ಡರ್ ತೆರೆದರೆ ಹಳ್ಳಿಯ ಮೇಲಿನ ದೂರು ಬಿದ್ದುಹೋಯಿತು. ಮನೆಯ ರೌಟರ್‌ನ ಸರಣಿಯನ್ನು 192.168.87ರಂಥ ಅಪರೂಪದ ಸಂಖ್ಯೆಗೆ ಬದಲಿಸುವುದು ಫೈಬರ್ ಹಾಕಿಕೊಟ್ಟ ಹುಡುಗನಿಗೆ ಐದು ನಿಮಿಷದ ಕೆಲಸ. ಶಾಶ್ವತ ಪರಿಹಾರ ಇರುವುದು ಮಾತ್ರ ಕಚೇರಿಯ ಕೈಯಲ್ಲಿ: ಸರಣಿಯನ್ನು ಯಾದೃಚ್ಛಿಕವಾಗಿ ಆರಿಸಿಕೊಳ್ಳಿ ಎಂದು ಆ 1996ರ ದಾಖಲೆಯೇ ಸಂಸ್ಥೆಗಳಿಗೆ ಸ್ಪಷ್ಟವಾಗಿ ಶಿಫಾರಸು ಮಾಡಿದೆ.

ಸಂಖ್ಯೆ ಸರಿಯಿದ್ದರೆ ಹೆಸರಿನ ಸರದಿ. ಸರ್ವರ್‌ನ ಹೆಸರನ್ನು ಸಂಖ್ಯೆಯಾಗಿ ಬದಲಿಸಿಕೊಡುವುದು ಡಿಎನ್‌ಎಸ್. ಕಚೇರಿಯೊಳಗಿನ ಹೆಸರುಗಳು ಕಚೇರಿಯ ಡಿಎನ್‌ಎಸ್‌ಗೆ ಮಾತ್ರ ಗೊತ್ತು; ಲ್ಯಾಪ್‌ಟಾಪ್ ಮನೆಯ ಇಂಟರ್ನೆಟ್ ಕಂಪನಿಯ ಡಿಎನ್‌ಎಸ್ಸನ್ನು ಕೇಳಿದರೆ ‘ಅಂಥವರು ಯಾರೂ ಇಲ್ಲ’ ಎಂಬ ಉತ್ತರ ಬರುತ್ತದೆ. ಹೆಸರಿನ ಬದಲು ಐಪಿ ಸಂಖ್ಯೆ ಕೊಟ್ಟಾಗ ಫೋಲ್ಡರ್ ತೆರೆದರೆ ಕಳ್ಳ ಸಿಕ್ಕಂತೆಯೇ. ಕಚೇರಿಯಲ್ಲಿ ಪಾಸ್‌ವರ್ಡ್ ಬದಲಾಗಿ ಲ್ಯಾಪ್‌ಟಾಪ್ ಇನ್ನೂ ಹಳೆಯದನ್ನೇ ನೆನಪಿಟ್ಟುಕೊಂಡಿರುವುದೂ ಉಂಟು. ಗಡಿಯಾರವನ್ನೂ ನೋಡಬೇಕು: ವಿಂಡೋಸ್ ಕಚೇರಿಗಳಲ್ಲಿ ಗುರುತು ಪರಿಶೀಲಿಸುವ ಕರ್ಬರೋಸ್ ವ್ಯವಸ್ಥೆ ಸಾಮಾನ್ಯವಾಗಿ ಎರಡು ಯಂತ್ರಗಳ ಗಡಿಯಾರಗಳ ನಡುವೆ ಐದು ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಒಪ್ಪುವುದಿಲ್ಲ.

ಹಾಗಾದರೆ ಲೈನಿನ ತಪ್ಪು ಇರುವುದೇ ಇಲ್ಲವೇ ಎಂದು ಕೇಳಬಹುದು. ಇದೆ. ಕರೆಂಟು ಹೋಗುತ್ತದೆ, ರಸ್ತೆ ಅಗೆಯುವಾಗ ಫೈಬರ್ ತುಂಡಾಗುತ್ತದೆ. ಆದರೆ ಆಗ ವಿಪಿಎನ್ನೇ ಬೀಳುತ್ತದೆ. ಫೋಲ್ಡರ್ ಒಂದೇ ಮುನಿಸಿಕೊಳ್ಳುವುದಿಲ್ಲ. ಫೋಲ್ಡರ್‌ನ ಪಟ್ಟಿ ಕಂಡು, ಸಣ್ಣ ಫೈಲು ತೆರೆದು, ದೊಡ್ಡದು ನಡುವೆ ನಿಂತರೆ ಕಾರಣ ಇನ್ನೂ ಸೂಕ್ಷ್ಮ. ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ 1500 ಬೈಟ್. ಅನೇಕ ಬ್ರಾಡ್‌ಬ್ಯಾಂಡ್‌ಗಳು ಬಳಸುವ ಪಿಪಿಪಿಒಇ ಅದರಲ್ಲಿ 8 ಬೈಟ್ ತೆಗೆದುಕೊಂಡು 1492 ಉಳಿಸುತ್ತದೆ, ವಿಪಿಎನ್ ತನ್ನ ಗೂಢಲಿಪಿಯ ಹೊದಿಕೆಗೆ ಇನ್ನಷ್ಟು ತೆಗೆದುಕೊಳ್ಳುತ್ತದೆ. ಹಿಡಿಸದ ಪ್ಯಾಕೆಟ್ ದಾರಿಯಲ್ಲೇ ಕಾಣೆಯಾಗಬಹುದು. ಎಂಟಿಯು ಎಂಬ ಈ ಮಿತಿಯನ್ನು ವಿಪಿಎನ್‌ನಲ್ಲಿ 1400 ಅಥವಾ 1300ಕ್ಕೆ ಇಳಿಸಿದರೆ ಎಷ್ಟೋ ಸಲ ತೊಂದರೆ ತೀರುತ್ತದೆ. ಇನ್ನು ಫೈಲು ತೆರೆಯುತ್ತದೆ, ಆದರೆ ಬಹಳ ನಿಧಾನ ಎಂದಾದರೆ ಅದು ದೂರದ ಲೆಕ್ಕ. ಫೈಲ್ ಹಂಚಿಕೆಯ ಎಸ್‌ಎಂಬಿ ಪದ್ಧತಿ ಹುಟ್ಟಿದ್ದು 1980ರ ದಶಕದಲ್ಲಿ, ಒಂದೇ ಕಟ್ಟಡದ ಕಂಪ್ಯೂಟರ್‌ಗಳಿಗಾಗಿ. ಅದು ಸರ್ವರ್ ಜತೆ ಮತ್ತೆ ಮತ್ತೆ ಮಾತಾಡುತ್ತದೆ. ಒಂದು ಸುತ್ತಿಗೆ 40 ಮಿಲಿಸೆಕೆಂಡ್ ಹಿಡಿದು, ಫೈಲು ತೆರೆಯಲು 200 ಸುತ್ತು ಬೇಕಾದರೆ 8 ಸೆಕೆಂಡ್ ಕಳೆಯಿತು. 100 ಎಂಬಿಪಿಎಸ್ ಪ್ಲಾನನ್ನು 300ಕ್ಕೆ ಏರಿಸಿದರೂ ಈ 8 ಸೆಕೆಂಡ್ ಕರಗದು. ಇದಕ್ಕೆ ಮದ್ದು ಫೈಲನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಕೆಲಸ ಮಾಡಿ ಮರಳಿಸುವುದು, ಇಲ್ಲವೇ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಕಚೇರಿಯ ಯಂತ್ರದಲ್ಲೇ ತೆರೆಯುವುದು.

ಇಷ್ಟೆಲ್ಲ ಯಾಕೆ, ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರಾಯಿತಲ್ಲ ಎನ್ನುವವರಿದ್ದಾರೆ. ಒಂದೇ ಲೆಕ್ಕಪತ್ರದ ನಾಲ್ಕು ಪ್ರತಿಗಳು ನಾಲ್ಕು ಕಡೆ ತಿದ್ದುಪಡಿಯಾದ ಮೇಲೆ ಯಾವುದು ನಿಜ ಎಂದು ಹೇಳಬಲ್ಲವರಿಲ್ಲ. ಗ್ರಾಹಕರ ವಿವರ ಖಾಸಗಿ ಫೋನುಗಳಲ್ಲಿ ಉಳಿದುಬಿಡುತ್ತದೆ. ವಿಪಿಎನ್ ತಂಟೆಯೇ ಬೇಡ, ಸರ್ವರ್‌ನ ಎಸ್‌ಎಂಬಿ ಬಳಸುವ 445ನೇ ಪೋರ್ಟನ್ನು ಇಂಟರ್ನೆಟ್ಟಿಗೇ ತೆರೆಯೋಣ ಎಂಬ ಸಲಹೆ ಇನ್ನೂ ಅಪಾಯಕಾರಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಹಬ್ಬಿದ್ದು ಇದೇ ಎಸ್‌ಎಂಬಿಯ ಹಳೆಯ ಆವೃತ್ತಿಯ ದೋಷ ಹಿಡಿದು. ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟ ತೇಪೆಯನ್ನು ಹಾಕಿಕೊಳ್ಳದ ಯಂತ್ರಗಳು ಬಲಿಯಾದವು. ನೌಕರರು ತಾವೇ ಸೆಟ್ಟಿಂಗ್ ಮುಟ್ಟಬಾರದು ಎಂಬ ಐಟಿ ವಿಭಾಗದ ಆಕ್ಷೇಪದಲ್ಲೂ ಹುರುಳಿದೆ: ಕಚೇರಿ ಕೊಟ್ಟ ಲ್ಯಾಪ್‌ಟಾಪಿನ ಫೈರ್‌ವಾಲ್, ಡಿಎನ್‌ಎಸ್, ಎಂಟಿಯು ಆ ವಿಭಾಗಕ್ಕೇ ಬಿಟ್ಟದ್ದು. ಆದರೆ ಮನೆಯ ರೌಟರ್ ಮನೆಯವರದು, ಹಾಟ್‌ಸ್ಪಾಟ್ ಪರೀಕ್ಷೆಗೆ ಯಾರ ಅನುಮತಿಯೂ ಬೇಡ. ಮನೆಯ ಐಪಿ ಸರಣಿ ಯಾವುದು, ಹಾಟ್‌ಸ್ಪಾಟ್‌ನಲ್ಲಿ ಏನಾಯಿತು, ಹೆಸರು ಮತ್ತು ಸಂಖ್ಯೆ ಕೊಟ್ಟಾಗ ಬಂದ ಉತ್ತರವೇನು, ಫೈಲು ಎಲ್ಲಿ ನಿಂತಿತು ಎಂದು ಬರೆದು ಕಳಿಸಿದ ದೂರಿಗೆ, ನಿಮ್ಮ ಊರಿನ ನೆಟ್‌ವರ್ಕ್ ಸರಿಯಿಲ್ಲ ಎಂದು ಉತ್ತರಿಸುವುದು ಐಟಿ ವಿಭಾಗಕ್ಕೆ ಸುಲಭವಾಗುವುದಿಲ್ಲ.