ಕಥೆ ಬರೆಸಿ ಆಳನ್ನು ಆರಿಸುವುದು

ಕೃತಿಯನ್ನು ಓದಿ ಕರ್ತೃವಿನ ಸ್ವಭಾವವನ್ನು ಹೇಳಬಹುದೇ? ಸಾಹಿತ್ಯದ ಪಾಠ ಹೇಳಿದವರಿಗೆಲ್ಲ ಪರಿಚಿತವಾದ ತೊಡಕು ಇದು. ಹೇಳಬಾರದೆಂದು ನಾನು ಮೂವತ್ತು ವರ್ಷ ತರಗತಿಗಳಲ್ಲಿ ವಾದಿಸಿದೆ. ಆದರೆ ಹೇಳಬಹುದೆಂಬ ನಂಬಿಕೆಯ ಮೇಲೆಯೇ ನಮ್ಮ ದೇಶದ ಒಂದು ಗೌರವದ ನೌಕರಿಯ ಆಯ್ಕೆ ಭಾಗಶಃ ನಿಂತಿದೆ. ಸೈನ್ಯಾಧಿಕಾರಿಗಳಾಗ ಬಯಸುವವರು ಆಯ್ಕೆ ಮಂಡಲಿಗೆ ಕಥೆ ಬರೆದು ಒಪ್ಪಿಸಬೇಕು.

ಈ ಪದ್ಧತಿಯ ಬೇರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದೆ. ಅಲ್ಲಿನ ಹೆನ್ರಿ ಮರ್ರೇ, ಕ್ರಿಸ್ಟಿಯಾನಾ ಮಾರ್ಗನ್ ಎಂಬಿಬ್ಬರು, ಚಿತ್ರ ತೋರಿಸಿ ಕಥೆ ಹೇಳಿಸುವ ಪರೀಕ್ಷೆಯೊಂದನ್ನು 1935ರಲ್ಲಿ ಪ್ರಕಟಿಸಿದರು. ಮರ್ರೇ ವೈದ್ಯ, ಮನಶ್ಶಾಸ್ತ್ರಜ್ಞ. ಜೊತೆಗೆ 'ಮಾಬಿ ಡಿಕ್' ಕಾದಂಬರಿಯ ಕರ್ತೃ ಹರ್ಮನ್ ಮೆಲ್ವಿಲ್‌ನ ಬರಹಗಳಲ್ಲಿ ಮುಳುಗಿದ್ದವನು. ಕಾದಂಬರಿಕಾರನ ಅಂತರಂಗವನ್ನು ಕಾದಂಬರಿಯೊಳಗೆ ಅರಸುತ್ತಿದ್ದವನಿಗೆ ಸಾಮಾನ್ಯನ ಕಥೆಯಲ್ಲಿಯೂ ಅದು ಕಂಡೀತೆಂದು ತೋರಿದುದು ಸಹಜವೇ. ಚಿತ್ರ ಅಸ್ಪಷ್ಟವಾಗಿದ್ದಷ್ಟೂ ನೋಡುವವನು ಅದನ್ನು ತನ್ನ ಆಸೆ ಅಂಜಿಕೆಗಳಿಂದ ತುಂಬುತ್ತಾನೆ ಎಂಬುದು ಇದರ ತತ್ತ್ವ. 1943ರಲ್ಲಿ ಅಚ್ಚಾದ ಚಿತ್ರಮಾಲೆಯಲ್ಲಿ ಒಂದು ಕಾರ್ಡು ಬರಿಯ ಬಿಳಿಯದು. ನಮ್ಮ ನವ್ಯ ವಿಮರ್ಶಕರು ಕಂಡಿದ್ದರೆ ಮೆಚ್ಚುತ್ತಿದ್ದರೇನೋ!

ಎರಡನೆಯ ಮಹಾಯುದ್ಧದಲ್ಲಿ ಮನೆತನ, ಶಾಲೆ, ಕೆಲವು ನಿಮಿಷಗಳ ಮಾತುಕತೆ ಇಷ್ಟರಿಂದಲೇ ಅಧಿಕಾರಿಗಳನ್ನು ಆರಿಸುವ ಕ್ರಮ ಸೋತಾಗ, ಬ್ರಿಟಿಷ್ ಸೈನ್ಯವು 1942ರಲ್ಲಿ ಮನಶ್ಶಾಸ್ತ್ರಜ್ಞರನ್ನು ಕೂಡಿಸಿಕೊಂಡ ಮಂಡಲಿಗಳನ್ನು ಸ್ಥಾಪಿಸಿತು. 1943ರಲ್ಲಿ ಅಂಥದೊಂದು ಡೆಹರಾಡೂನಿಗೆ ಬಂತು. ಸ್ವಾತಂತ್ರ್ಯಾನಂತರವೂ ಉಳಿದುಕೊಂಡ ಆ ಪದ್ಧತಿಗೆ ಬೆಂಗಳೂರಿನಲ್ಲಿಯೂ ಒಂದು ಕೇಂದ್ರವಿದೆ. ರೂಢಿಯಾಗಿ ಬಂದ ಕ್ರಮ ಹೀಗೆ: ಚಿತ್ರವನ್ನು 30 ಸೆಕೆಂಡು ತೋರಿಸುತ್ತಾರೆ, 4 ನಿಮಿಷದಲ್ಲಿ ಕಥೆ ಮುಗಿಯಬೇಕು. ಹೀಗೆ 11 ಚಿತ್ರಗಳಾದ ಮೇಲೆ ಹನ್ನೆರಡನೆಯದು ಖಾಲಿ. ಅನಂತರ 60 ಪದಗಳು, ಒಂದೊಂದಕ್ಕೂ 15 ಸೆಕೆಂಡು; ಮೊದಲು ಹೊಳೆದುದನ್ನೇ ಬರೆಯಬೇಕು. ವೇಷ ಕಟ್ಟಲು ಪುರುಸೊತ್ತು ಸಿಗಬಾರದೆಂಬುದೇ ಇದರ ಜಾಣತನ.

ವೇಷವನ್ನು ಮನೆಯಲ್ಲಿಯೇ ಕಟ್ಟಿಕೊಂಡು ಬರಬಹುದಲ್ಲ! ಅದಕ್ಕೆಂದೇ ತರಬೇತಿ ಶಾಲೆಗಳಿವೆ. ನನ್ನ ವಿದ್ಯಾರ್ಥಿಯೊಬ್ಬ, ಅಲ್ಲಿ ಹೇಳಿಕೊಟ್ಟಂತೆ ಬರೆದ ಕಥೆಗಳ ನೋಟುಪುಸ್ತಕವನ್ನು ತಂದು ಹೇಗಿವೆ ನೋಡಿ ಎಂದ. ಒಂದರಲ್ಲಿ ನಾಯಕ ಊರಿಗೆ ಬಾವಿ ತೋಡಿಸುತ್ತಾನೆ, ಇನ್ನೊಂದರಲ್ಲಿ ನೆರೆಯಿಂದ ಜನರನ್ನು ಎತ್ತುತ್ತಾನೆ, ಮತ್ತೊಂದರಲ್ಲಿ ಪರೀಕ್ಷೆಗೆ ಮೊದಲಿಗನಾಗುತ್ತಾನೆ. ಯಾರೂ ಅಳುವುದಿಲ್ಲ, ಯಾರಿಗೂ ಸಂದೇಹ ಹುಟ್ಟುವುದಿಲ್ಲ. ಆ ಹುಡುಗನೋ, ತಂದೆ ತೀರಿಕೊಂಡ ಮೇಲೆ ರಾತ್ರಿ ಪಾಳಿಯಲ್ಲಿ ದುಡಿದು ಇಬ್ಬರು ತಂಗಿಯರನ್ನು ಓದಿಸಿದವನು. ಅದರ ಸುಳಿವು ಒಂದು ಕಥೆಯಲ್ಲಿಯೂ ಇರಲಿಲ್ಲ. ಅದನ್ನೇ ಬರೆಯಬಾರದೇ ಎಂದು ಕೇಳಿದೆ. "ಸಾವು, ಸಾಲ ಬರೆದರೆ ಎದೆಗುಂದಿದವನು ಎಂದುಕೊಳ್ಳುತ್ತಾರೆ ಸರ್" ಎಂದ. ಓದುವವನ ಕೈಯಲ್ಲಿ ನಮ್ಮ ಅನ್ನವಿದ್ದಾಗ ಬರೆದ ಕಥೆ, ಬರೆದವನಿಗಿಂತ ಓದುವವನ ವಿಷಯವಾಗಿ ನಮಗಿರುವ ಊಹೆಯನ್ನೇ ಹೆಚ್ಚು ತಿಳಿಸುತ್ತದೆ.

ಸೈನ್ಯದವರು ಇದನ್ನು ಅರಿಯದವರಲ್ಲ. ಮನಶ್ಶಾಸ್ತ್ರಜ್ಞ ಕಥೆಗಳನ್ನು ಓದಿದರೆ, ಇನ್ನೊಬ್ಬ ಅಧಿಕಾರಿ ಬಯಲಿನಲ್ಲಿ ಹಲಗೆ ಹಗ್ಗಗಳನ್ನು ಕೊಟ್ಟು, ತಂಡದೊಡನೆ ಅಡ್ಡಿಗಳನ್ನು ದಾಟಿಸಿ ನೋಡುತ್ತಾನೆ. ಮೂರನೆಯವನು ಎದುರಿಗೆ ಕುಳಿತು ಮಾತನಾಡಿಸುತ್ತಾನೆ. ಮೂವರೂ ಬೇರೆಬೇರೆಯಾಗಿ ಅಳೆದು, ಕೊನೆಯ ದಿನ ಒಂದೆಡೆ ಕೂಡುತ್ತಾರೆ. ಕಥೆ ಸುಳ್ಳು ಹೇಳಿದರೂ ಹಗ್ಗ ಹಿಡಿದ ಕೈ ನಿಜ ಹೇಳೀತು.

ಖಾಸಗಿ ಕಂಪನಿಗಳು ಮನಸ್ಸನ್ನು ಅಳೆಯುವ ವಿದ್ಯೆಯನ್ನು ಕೊಂಡುಕೊಂಡಾಗ ಎಷ್ಟೋ ಕಡೆ ಬಿಟ್ಟುಬಂದದ್ದು ಈ ಬಯಲನ್ನೇ. ಉಳಿದುದು ಹೌದು, ಅಲ್ಲ ಎಂದು ಗುರುತು ಹಾಕುವ ಪ್ರಶ್ನಾವಳಿ. ಅಮೆರಿಕದ ರೆಂಟ್-ಎ-ಸೆಂಟರ್ ಎಂಬ ಕಂಪನಿಯಂತೂ ಬಡ್ತಿ ಬಯಸಿದವರಿಗೆ 502 ಪ್ರಶ್ನೆಗಳನ್ನೊಡ್ಡಿತು. ಅವು ಮಾನಸಿಕ ರೋಗಗಳನ್ನು ಗುರುತಿಸಲೆಂದು ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ಪ್ರಶ್ನಾವಳಿಯವು. ಇದು ವೈದ್ಯಕೀಯ ಪರೀಕ್ಷೆಯೇ ಸರಿ, ಬಡ್ತಿಗೆ ಇದನ್ನು ಬಳಸುವುದು ಅಂಗವಿಕಲರ ಹಕ್ಕುಗಳ ಕಾನೂನಿಗೆ ವಿರುದ್ಧವೆಂದು ಷಿಕಾಗೋದ ಮೇಲ್ಮನವಿ ನ್ಯಾಯಾಲಯ 2005ರಲ್ಲಿ ತೀರ್ಪಿತ್ತಿತು. ಆ ಪ್ರಶ್ನೆಗಳಿಗೆ ಉತ್ತರ ಬರೆದವರು ಹೊಸಬರೇನಲ್ಲ. ಅದೇ ಕಂಪನಿಯಲ್ಲಿ ದುಡಿಯುತ್ತಿದ್ದವರು. ಅವರ ಕೆಲಸ ದಿನವೂ ಮೇಲಧಿಕಾರಿಗಳ ಕಣ್ಣೆದುರಿಗೇ ನಡೆಯುತ್ತಿತ್ತು.