ಹಡಗು ಇಳಿದ ಮೇಲೆ ಎಲ್ಲಿ ಉಳಿಯೋಣ?

ಮುಂಬೈಯಿಂದ ಗೋವಾಕ್ಕೆ ಹಡಗಿನಲ್ಲಿ ಹೋಗೋಣ ಎಂದು ನಿರ್ಧರಿಸಲು ನಮಗೆ ಹತ್ತು ನಿಮಿಷ ಸಾಕಾಯಿತು. ಇಳಿದ ಮೇಲೆ ಎಲ್ಲಿ ಉಳಿಯುವುದು ಎಂದು ನಿರ್ಧರಿಸಲು ಮೂರು ವಾರ ಹಿಡಿಯಿತು. ಅಷ್ಟೆಲ್ಲ ಲೆಕ್ಕ ಹಾಕಿ ಮಾಡಿದ ನಿರ್ಧಾರವೂ ಹಡಗಿನ ಎರಡನೇ ರಾತ್ರಿ ಬದಲಾಯಿತು. ಇತ್ತೀಚೆಗೆ ಪುಣೆಯ ಕನ್ನಡದ ಗೆಳೆಯರು ಒಬ್ಬರಾದ ಮೇಲೊಬ್ಬರು ತಂದೆತಾಯಿಯನ್ನು ಕ್ರೂಸ್‌ಗೆ ಕರೆದೊಯ್ಯುವ ಮಾತಾಡುತ್ತಿದ್ದಾರೆ. ಎಲ್ಲರದೂ ಕೊನೆಗೆ ಇದೇ ಪ್ರಶ್ನೆ. ಹಾಗಾಗಿ ನಮ್ಮ ಅನುಭವವನ್ನು ಬರೆದಿಡುತ್ತಿದ್ದೇನೆ.

ನಾವಿರುವುದು ಶಿವಾಜಿನಗರದಲ್ಲಿ. ನಾನು, ಹೆಂಡತಿ, ನಾಲ್ಕನೇ ಕ್ಲಾಸಿನ ಮಗಳು. ಅಪ್ಪ, ಅವ್ವ ಧಾರವಾಡದಲ್ಲಿದ್ದಾರೆ. ಅಪ್ಪನಿಗೆ ಎಪ್ಪತ್ತನಾಲ್ಕು. ಎರಡು ವರ್ಷದಿಂದ ಮರೆವು ಶುರುವಾಗಿದೆ. ಊಟ ಮಾಡಿದ್ದು ಮರೆಯುತ್ತಾರೆ, ನಲವತ್ತು ವರ್ಷದ ಹಿಂದಿನ ಆಫೀಸಿನ ಜವಾನನ ಹೆಸರು ಮರೆಯುವುದಿಲ್ಲ. ಅವ್ವನಿಗೆ ಮೊಣಕಾಲು ನೋವು. ಅಪ್ಪನ ನೆನಪು ಇನ್ನಷ್ಟು ಮಸುಕಾಗುವ ಮೊದಲು ಎಲ್ಲರೂ ಒಟ್ಟಿಗೆ ಒಂದು ಪ್ರವಾಸ ಮಾಡಬೇಕು ಎಂಬುದು ನನ್ನ ಆಸೆಯಾಗಿತ್ತು. ಹಡಗಾದರೆ ಬಸ್ಸು ಹತ್ತಿಳಿಯುವ ಗೋಜಿಲ್ಲ, ಊಟ ನಿದ್ದೆ ಎಲ್ಲ ಒಂದೇ ಕಡೆ.

ಹಾಗೆ ನೋಡಿದರೆ ಮುಂಬೈ–ಗೋವಾ ಸಮುದ್ರದ ದಾರಿ ಹೊಸದೇನೂ ಅಲ್ಲ. ಎಂಬತ್ತರ ದಶಕದವರೆಗೂ ಕೊಂಕಣದ ಜನ ಸ್ಟೀಮರಿನಲ್ಲೇ ಓಡಾಡುತ್ತಿದ್ದರು. ರತ್ನಾಗಿರಿ, ಮಾಲವಣ, ವೆಂಗುರ್ಲೆಗಳಲ್ಲಿ ನಿಂತು ಪಣಜಿಗೆ ಹೋಗುತ್ತಿದ್ದ ಹಡಗುಗಳನ್ನು ಹಳಬರು ಈಗಲೂ ನೆನೆಯುತ್ತಾರೆ. ಆಮೇಲೆ 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿತು. 2018ರಲ್ಲಿ ಆಂಗ್ರಿಯಾ, 2021ರಲ್ಲಿ ಕೊರ್ಡೇಲಿಯಾ ಬಂದ ಮೇಲೆ ಹಡಗು ಮತ್ತೆ ಸುದ್ದಿಯಾಯಿತು. ಆದರೆ ಅಂದು ಊರು ಸೇರಲು ಹಡಗು ಹತ್ತುತ್ತಿದ್ದರು, ಇಂದು ಹಡಗಿಗಾಗಿಯೇ ಹಡಗು ಹತ್ತುತ್ತೇವೆ. ಹೀಗಾಗಿ ಇಳಿದ ಮೇಲಿನ ಮಾತು ಯಾರ ತಲೆಗೂ ಬೇಗ ಹೊಳೆಯುವುದಿಲ್ಲ.

ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ

ಮೊದಲು ತಿಳಿಯಬೇಕಾದದ್ದು ಗೋವಾದಲ್ಲಿ ಹಡಗು ನಿಲ್ಲುವ ಜಾಗ. ಅದು ಪಣಜಿಯಲ್ಲ, ವಾಸ್ಕೋದ ಮುರ್ಮುಗೋವಾ ಬಂದರು. ನಕಾಶೆಯಲ್ಲಿ ಗೋವಾ ಪುಟ್ಟದಾಗಿ ಕಾಣುತ್ತದೆ. ಆದರೆ ಬಂದರಿನಿಂದ ಬಾಗಾ, ಕಲಂಗುಟ್ ಕಡೆಗೆ ನಲವತ್ತು ಕಿಲೋಮೀಟರಿಗೂ ಹೆಚ್ಚು. ಹೊಸ ಜುವಾರಿ ಸೇತುವೆ ಆದ ಮೇಲೆ ದಾರಿ ಸಲೀಸಾಗಿದೆ, ಆದರೂ ರಜೆಯ ದಿನಗಳಲ್ಲಿ ಕಡಲತೀರದ ಸಣ್ಣ ರಸ್ತೆಗಳಲ್ಲಿ ಗಾಡಿ ತೆವಳುತ್ತದೆ. ದಕ್ಷಿಣದ ಬೋಗಮಾಲೊ ಹತ್ತು ಕಿಲೋಮೀಟರಿನೊಳಗೆ. ಮಾಜೋರ್ಡಾ, ಕೋಲ್ವಾ ಇನ್ನೂ ಸ್ವಲ್ಪ ಮುಂದೆ.

ಎರಡನೆಯದು ಸಮಯ. ಇಳಿಯುವ ಹಿಂದಿನ ರಾತ್ರಿಯೇ ದೊಡ್ಡ ಪೆಟ್ಟಿಗೆಗಳಿಗೆ ಚೀಟಿ ಕಟ್ಟಿ ಕ್ಯಾಬಿನ್ ಹೊರಗಿಡಬೇಕು. ಬೆಳಿಗ್ಗೆ ತಿಂಡಿಯಾಗುತ್ತಲೇ ಕ್ಯಾಬಿನ್ ಬಿಡಬೇಕು. ನಾವು ಬಂದರಿನ ಗೇಟು ದಾಟಿದಾಗ ಹತ್ತು ಗಂಟೆ. ಹೋಟೆಲ್‌ಗಳ ಚೆಕ್-ಇನ್ ಸಾಮಾನ್ಯವಾಗಿ ಮಧ್ಯಾಹ್ನ ಎರಡಕ್ಕೆ. ಈ ನಾಲ್ಕು ಗಂಟೆ ಎಲ್ಲಿ ಕಳೆಯುವುದು? ಯುವಕರಾದರೆ ಲಗೇಜು ಇಟ್ಟು ಸುತ್ತಾಡಬಹುದು. ಮೊಣಕಾಲು ನೋವಿನವರು, ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳಬೇಕಾದವರು, ಪದೇ ಪದೇ ಬಾತ್‌ರೂಮಿಗೆ ಹೋಗುವವರು ಜೊತೆಗಿದ್ದರೆ ಮೊದಲೇ ಫೋನ್ ಮಾಡಿ ಬೇಗ ಕೋಣೆ ಕೊಡುತ್ತೀರಾ ಎಂದು ಕೇಳಿಕೊಳ್ಳಿ. ಸ್ವಲ್ಪ ಹೆಚ್ಚು ಹಣ ಕೇಳಿದರೂ ಕೊಡಿ. ಔಷಧಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಪುಣೆಯ ಹಾಗೆ ಮೊಬೈಲಿನಲ್ಲಿ ಓಲಾ, ಊಬರ್ ಒತ್ತಿದರೆ ಗೋವಾದಲ್ಲಿ ಗಾಡಿ ಬರುವುದಿಲ್ಲ. ಉಳಿಯುವ ಜಾಗದವರಿಗೇ ಹೇಳಿ ಟ್ಯಾಕ್ಸಿ ಗೊತ್ತುಮಾಡಿಸಿಕೊಳ್ಳುವುದು ಒಳ್ಳೆಯದು.

ಮೂರನೆಯದನ್ನು ಯಾರೂ ಹೇಳುವುದಿಲ್ಲ. ಹಡಗಿನಲ್ಲಿ ಎರಡು ರಾತ್ರಿ ಕಳೆದವರಿಗೆ ಇಳಿದ ಮೇಲೂ ನೆಲ ತೂಗಿದ ಹಾಗೆ ಅನಿಸುತ್ತದೆ. ಸಮತೋಲನ ನೋಡಿಕೊಳ್ಳುವ ಒಳಕಿವಿ ಮತ್ತು ಮೆದುಳು ಅಲೆಗೆ ಹೊಂದಿಕೊಂಡಿರುತ್ತವೆ, ನೆಲಕ್ಕೆ ಮತ್ತೆ ಹೊಂದಿಕೊಳ್ಳಲು ಹೊತ್ತು ಬೇಕು. ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಮಗಳಿಗೆ ಅದೊಂದು ಆಟವಾಯಿತು. ಅವ್ವ ಮಾತ್ರ ಗೋಡೆ ಹಿಡಿದು ನಡೆದಳು. ಇಳಿದ ದಿನವೇ ಘಟ್ಟ ಹತ್ತುವ ಪ್ರಯಾಣ ಇಟ್ಟುಕೊಳ್ಳಬೇಡಿ.

"ಕಾರವಾರದಾಗ ಇಳೀಬೇಕು"

ಹೊರಡುವ ಮೊದಲು ಮನೆಯಲ್ಲಿ ಮೂರು ಪಕ್ಷಗಳಿದ್ದವು. ಹೆಂಡತಿ, ಮಗಳು ಉತ್ತರ ಗೋವಾ ಅಂದರು. ನಾನು ಎಕ್ಸೆಲ್ ಶೀಟ್ ಮಾಡಿ ದಕ್ಷಿಣ ಗೋವಾ ಅಂದೆ. ಅಪ್ಪ ಫೋನಿನಲ್ಲಿ ಒಂದೇ ಮಾತು ಹೇಳಿದರು, "ಗೋವಾದಾಗ ಏನೈತಪಾ? ಕಾರವಾರಕ್ಕ ಹೋಗೂಣು." ಅಪ್ಪ ಲೋಕೋಪಯೋಗಿ ಇಲಾಖೆಯ ಗುಮಾಸ್ತರಾಗಿ 1984ರಿಂದ ಮೂರು ವರ್ಷ ಕಾರವಾರದಲ್ಲಿದ್ದವರು. ಮದುವೆಯಾಗಿ ಅವ್ವನನ್ನು ಕರೆತಂದು ಸಂಸಾರ ಹೂಡಿದ ಊರು ಅದು. ಅಲ್ಲಿಂದ ವರ್ಗವಾಗಿ ಬಂದ ಮೇಲೆ ನಾನು ಹುಟ್ಟಿದ್ದು. ಆದರೆ ಹಡಗು ಹೋಗುವುದು ಗೋವಾಕ್ಕೆ, ಕಾರವಾರ ಅಲ್ಲಿಂದ ಸುಮಾರು ನೂರು ಕಿಲೋಮೀಟರು. ಹಿರಿಯರ ಮಾತು ಎಂದು ಹೂಂ ಅಂದು, ಉತ್ತರ ಗೋವಾದಲ್ಲಿ ಮೂರು ರಾತ್ರಿಗೆ ಕೋಣೆ ಕಾದಿರಿಸಿದೆ.

ಎರಡನೇ ರಾತ್ರಿ ಎರಡು ಗಂಟೆಯ ಹೊತ್ತಿಗೆ ಬಾಗಿಲು ಬಡಿದ ಸದ್ದು. ಹಡಗಿನ ಸಿಬ್ಬಂದಿಯ ಹುಡುಗನೊಬ್ಬ ಅಪ್ಪನ ಕೈ ಹಿಡಿದು ನಿಂತಿದ್ದ. ಕ್ಯಾಬಿನ್‌ಗಳ ಓಣಿಗಳೆಲ್ಲ ಒಂದೇ ತರಹ, ಒಂದೇ ಬಣ್ಣದ ಬಾಗಿಲು. ಅವ್ವ ಮಲಗಿದ್ದಾಗ ಎದ್ದು ಹೋದ ಅಪ್ಪನಿಗೆ ವಾಪಸು ಬರಲು ತಿಳಿದಿಲ್ಲ. ಎರಡು ಮಹಡಿ ಕೆಳಗೆ ಲಿಫ್ಟಿನ ಹತ್ತಿರ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರಂತೆ. ಹುಡುಗ ಹಿಂದಿಯಲ್ಲಿ ಹೇಳಿದ, "ಇವರು ಕಾರವಾರ ಬಂತಾ, ಇಳೀಬೇಕು ಅಂತ ಕೇಳ್ತಾ ಇದ್ರು."

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಹೆಂಡತಿಯೇ ಮಾತು ತೆಗೆದಳು. "ಮಾವಾರನ್ನ ಕರಕೊಂಡು ಬಾಗಾದ ಗದ್ದಲದಾಗ ಏನ್ ಮಾಡೋಣು? ಒಂದು ದಿನ ಇಲ್ಲೇ ಹತ್ರದಾಗ ಇರೋಣು, ಹುಡುಗಿ ನೀರಾಗ ಆಡ್ಲಿ. ಆಮ್ಯಾಗ ಕಾರವಾರ." ಮೊಬೈಲ್ ಸಿಗ್ನಲ್ ಸಿಕ್ಕ ತಕ್ಷಣ ಕಾದಿರಿಸಿದ್ದನ್ನು ರದ್ದು ಮಾಡಿದೆ. ಹನ್ನೊಂದು ಸಾವಿರ ಹೋಯಿತು. ವಯಸ್ಸಾದವರು ಜೊತೆಗಿದ್ದರೆ, ಸ್ವಲ್ಪ ದುಬಾರಿಯಾದರೂ ರದ್ದು ಮಾಡಿದರೆ ಹಣ ವಾಪಸು ಬರುವ ಕೋಣೆಯನ್ನೇ ಹಿಡಿಯಿರಿ ಎಂಬ ಪಾಠ ನನಗೆ ಈ ಬೆಲೆಗೆ ಸಿಕ್ಕಿತು.

ಸಮುದ್ರ ಕಾಣುವ ಕೋಣೆ

ಬಂದರಿನಿಂದ ವಾಸ್ಕೋ ಪೇಟೆಗೆ ಬಂದು ಎಳನೀರಿಗೆ ನಿಂತೆವು. ಅವ್ವ ಅವಳಷ್ಟಕ್ಕೆ "ಎಷ್ಟು ಬಿಸಲಪಾ" ಅಂದಿದ್ದಷ್ಟೇ, ಎಳನೀರು ಕೊಚ್ಚುತ್ತಿದ್ದವ ತಲೆಯೆತ್ತಿ "ಯಾವೂರಬೇ ನಿಮ್ದು?" ಎಂದ. ಕೊಪ್ಪಳದವ. ವಾಸ್ಕೋದಲ್ಲಿ ಕಟ್ಟಡ ಕೆಲಸ, ತರಕಾರಿ ವ್ಯಾಪಾರ ಮಾಡುವ ನಮ್ಮ ಉತ್ತರ ಕರ್ನಾಟಕದವರು ಬಹಳ. ಬೈನಾ ಕಡಲತೀರದಲ್ಲಿ 2004ರಲ್ಲೂ ಅದರ ನಂತರವೂ ಗುಡಿಸಲುಗಳನ್ನು ಒಡೆದು ತೆರವು ಮಾಡಿದಾಗ ಬೀದಿಗೆ ಬಿದ್ದವರಲ್ಲಿ ಹೆಚ್ಚಿನವರು ಕನ್ನಡಿಗರೇ. ನಾವು ಒಂದು ರಾತ್ರಿಗೆ ಸಮುದ್ರದ ಹತ್ತಿರ ಜಾಗ ಹುಡುಕುತ್ತಿದ್ದೆವು. ಅದೇ ಸಮುದ್ರದ ಹತ್ತಿರ ಉಳಿಯಲು ಜಾಗವಿಲ್ಲದೆ ಹೋದವರ ಮಾತು ಅವನ ಬಾಯಲ್ಲಿ ಸುಮ್ಮನೆ ಬಂದು ಹೋಯಿತು. ಅವ್ವನ ಎಳನೀರಿಗೆ ಎಷ್ಟು ಹೇಳಿದರೂ ದುಡ್ಡು ತೆಗೆದುಕೊಳ್ಳಲಿಲ್ಲ.

ಬೋಗಮಾಲೊ ಹತ್ತಿರ ಒಂದು ಸಣ್ಣ ವಸತಿಯಲ್ಲಿ ಕೋಣೆ ಸಿಕ್ಕಿತು. "ಸಮುದ್ರ ಕಾಣುವ ಕೋಣೆ" ಎಂದಿದ್ದರು. ಕಂಡಿತು ಕೂಡ, ಎರಡನೇ ಮಹಡಿಯಿಂದ. ಲಿಫ್ಟ್ ಇರಲಿಲ್ಲ. ಮಗಳು ಎಣಿಸಿದಳು, ಮೂವತ್ತನಾಲ್ಕು ಮೆಟ್ಟಿಲು. ಊಟಕ್ಕೆ, ಕಡಲತೀರಕ್ಕೆ ಎಂದು ಅವ್ವ ಆ ದಿನ ನಾಲ್ಕು ಸಲ ಹತ್ತಿಳಿದಳು. ಒಂದು ಸಲವೂ ಏನೂ ಅನ್ನಲಿಲ್ಲ. ರಾತ್ರಿ ಮೊಣಕಾಲಿಗೆ ಎಣ್ಣೆ ಹಚ್ಚುವಾಗ ನನ್ನ ಎಕ್ಸೆಲ್ ಶೀಟು ನೆನಪಾಯಿತು. ಅದರಲ್ಲಿ ದೂರ, ಬಾಡಿಗೆ, ತಿಂಡಿ, ಈಜುಕೊಳ, ವೈಫೈ ಎಲ್ಲಕ್ಕೂ ಒಂದೊಂದು ಕಾಲಂ ಇತ್ತು. ಮೆಟ್ಟಿಲಿಗೆ ಇರಲಿಲ್ಲ.

ಕಾಳಿ ನದಿಯ ಆಚೆ

ಮರುದಿನ ಮಡಗಾಂವ್‌ಗೆ ಟ್ಯಾಕ್ಸಿ, ಅಲ್ಲಿಂದ ರೈಲು. ಕಾರವಾರಕ್ಕೆ ಒಂದು ಗಂಟೆಯ ಆಸುಪಾಸು. ರಸ್ತೆಯಲ್ಲೂ ಹೋಗಬಹುದು, ಕಾಣಕೋಣ ದಾಟಿ ಮಾಜಾಳಿಯಲ್ಲಿ ಕರ್ನಾಟಕ ಶುರುವಾಗುತ್ತದೆ. ಆದರೆ ನೆಲ ಇನ್ನೂ ತೂಗುತ್ತಿದ್ದ ಅವ್ವನಿಗೆ ತಿರುವುಗಳಿಗಿಂತ ರೈಲು ವಾಸಿ. ಕಾರವಾರದ ನಿಲ್ದಾಣ ಶಿರವಾಡದಲ್ಲಿದೆ, ಪೇಟೆಗೆ ರಿಕ್ಷಾ ಹಿಡಿಯಬೇಕು.

ಅಲ್ಲಿಯೂ ಎಲ್ಲಿ ಉಳಿಯುವುದು ಎಂಬ ಪ್ರಶ್ನೆ ಇತ್ತು. ನದಿಯ ಉತ್ತರಕ್ಕೆ ದೇವಬಾಗ, ಗಾಳಿಮರದ ತೋಪು, ಮರಳು, ನಿಶ್ಶಬ್ದ. ಗಂಡ ಹೆಂಡತಿ ಇಬ್ಬರೇ ಆದರೆ ಕಣ್ಣುಮುಚ್ಚಿ ಅಲ್ಲಿಗೆ ಹೋಗಿ. ನಾವು ಪೇಟೆಯಲ್ಲೇ ಉಳಿದೆವು. ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಊರೊಳಗೇ ಇದೆ, ರಿಕ್ಷಾ ಬಾಗಿಲಿಗೆ ಬರುತ್ತದೆ, ಸಸ್ಯಾಹಾರಿ ಊಟ ಸಿಗುತ್ತದೆ. ಈ ಸಲ ಫೋನಿನಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ, "ನೆಲಮಹಡಿಯಲ್ಲಿ ಕೋಣೆ ಇದೆಯಾ?" ಕಿಟಕಿಯಿಂದ ಕಂಡದ್ದು ಸಮುದ್ರವಲ್ಲ, ಪಕ್ಕದ ಮನೆಯ ಹಲಸಿನ ಮರ. ಆದರೆ ರಸ್ತೆಯ ಕೊನೆಗೆ ಹೋದರೆ ಟ್ಯಾಗೋರ್ ಕಡಲತೀರ. ದೇಶದ ಮೊದಲ ಭಾರತೀಯ ಐಸಿಎಸ್ ಅಧಿಕಾರಿ ಸತ್ಯೇಂದ್ರನಾಥ ಟ್ಯಾಗೋರರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ತಮ್ಮ ರವೀಂದ್ರನಾಥರು ಬಂದು ಉಳಿದು 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದದ್ದು ಇಲ್ಲೇ.

ಅಪ್ಪನ ಕಾರವಾರ ಸಿಗುತ್ತದೆ ಎಂದುಕೊಂಡಿದ್ದೆ. ಅರ್ಧ ಸಿಕ್ಕಿತು. ರಿಕ್ಷಾದವನಿಗೆ ಬಸ್‌ಸ್ಟ್ಯಾಂಡಿನ ದಾರಿಯನ್ನು ಅಪ್ಪನೇ ಸರಿಯಾಗಿ ಹೇಳಿದರು. ಕೋಡಿಬಾಗದ ಬಾಡಿಗೆ ಮನೆಯಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಭಾನುವಾರ ಹೋಗುತ್ತಿದ್ದ ಅರ್ಗಾದ ದಂಡೆ ಈಗ ನೌಕಾನೆಲೆಯ ಬೇಲಿಯೊಳಗೆ. ಸೀಬರ್ಡ್ ಯೋಜನೆಗೆ 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದಾಗ ಅಪ್ಪ ಅಲ್ಲೇ ಇದ್ದರು. ಆಮೇಲೆ ಅಲ್ಲಿನ ಊರುಗಳ ಜನ ಮನೆ ಗದ್ದೆ ಬಿಟ್ಟು ಎದ್ದುಹೋಗಬೇಕಾಯಿತು. ಆ ಕಾಲಕ್ಕೆ ಹೊಚ್ಚ ಹೊಸದಾಗಿದ್ದ ಕಾಳಿ ಸೇತುವೆಯ ಬಗ್ಗೆ ಅಪ್ಪನಿಗೆ ಭಾರೀ ಹೆಮ್ಮೆ. ಅದು 2024ರ ಆಗಸ್ಟ್ 7ರ ನಡುರಾತ್ರಿ ಲಾರಿಯೊಂದರ ಸಮೇತ ನದಿಗೆ ಕುಸಿಯಿತು. ಹೆದ್ದಾರಿಯ ಹೊಸ ಸೇತುವೆಯ ಮೇಲೆ ನಿಂತು "ಇದು ಅದಲ್ಲ" ಎಂದರು. ಹೌದು ಅದಲ್ಲ ಎಂದೆ. ಐದು ನಿಮಿಷ ಬಿಟ್ಟು ಮತ್ತೆ ಕೇಳಿದರು. ಮತ್ತೆ ಹೇಳಿದೆ.

ಮಗಳಿಗೆ ಬೇರೆಯೇ ಆಶ್ಚರ್ಯ. ಗೋವಾದಲ್ಲಿ ಅಜ್ಜಿಯ ಕನ್ನಡ ನಡೆಯಿತು, ಕರ್ನಾಟಕದಲ್ಲಿ ಅವಳ ಪುಣೆಯ ಮರಾಠಿ ನಡೆಯಿತು! ಕಾರವಾರದ ಮನೆಮಾತು ಹೆಚ್ಚಾಗಿ ಕೊಂಕಣಿ. ಮೇಲಾಗಿ ಈ ಜಿಲ್ಲೆ 1862ರಿಂದ 1956ರವರೆಗೆ ಪುಣೆಯ ಹಾಗೆಯೇ ಮುಂಬೈ ಆಡಳಿತದಲ್ಲಿತ್ತು ಎಂದು ವಿವರಿಸಿದೆ. ಅವಳು ಅಷ್ಟರಲ್ಲಿ ಶೇಂಗಾ ಮಾರುವವಳ ಜೊತೆ ಮರಾಠಿಯಲ್ಲಿ ಚೌಕಾಸಿಗೆ ಇಳಿದಿದ್ದಳು.

ಕೊನೆಯ ಸಂಜೆ ಕಡಲತೀರದ ಬೆಂಚಿನ ಮೇಲೆ ಅವ್ವನ ಪಕ್ಕ ಕೂತಿದ್ದೆ. "ನಿನಗೂ ಹಳೇ ಊರು ನೋಡಿ ಖುಷಿ ಆತಲ್ಲವಾ?" ಎಂದೆ. ಅವ್ವ ನಕ್ಕಳು.

"ನನಗ ಈ ಊರು ಆವಾಗೂ ಸೇರಿದ್ದಿಲ್ಲಪಾ. ಮಳಿ ಅಂದ್ರ ಮಳಿ. ಬಟ್ಟಿ ಒಣಗತಿದ್ದಿಲ್ಲ, ಮಾತಾಡಾಕ ಮಂದಿ ಇದ್ದಿಲ್ಲ. ನಿಮ್ಮಪ್ಪ ಆಫೀಸಿಗೆ ಹೋದ್ರ ಒಬ್ಬಾಕಿನ ಕುಂತು ಅಳತಿದ್ದೆ."

"ಮತ್ತ ಯಾಕ ಹೇಳಲಿಲ್ಲ?"

"ನೀ ಯಾರನ್ನ ಕೇಳಿದಿ?"

ಹೌದು. ಹೆಂಡತಿಯನ್ನು ಕೇಳಿದ್ದೆ, ಮಗಳನ್ನು ಕೇಳಿದ್ದೆ, ಅಪ್ಪ ಕೇಳದೆಯೇ ಹೇಳಿದ್ದರು. ಅವ್ವನಿಗೆ ಬರೀ "ನಡಿ, ಹೋಗೂಣು" ಅಂದಿದ್ದೆ. ಈಗ ಕೇಳಿದೆ, ನಿನಗೆ ಎಲ್ಲಿ ಇರಬೇಕು ಅನಿಸಿತ್ತು ಅಂತ. ಅವಳು ಸ್ವಲ್ಪ ಯೋಚಿಸಿ, "ಹಡಗಿನಾಗ ಇನ್ನೊಂದು ದಿನ ಇರಬೇಕಿತ್ತು ನೋಡು. ಮೆಟ್ಲಿಲ್ಲ, ಅಡಗಿಲ್ಲ, ಬಿಸಿನೀರು ಬರ್ತಿತ್ತು," ಎಂದಳು.

ಮರುದಿನ ಕಾರು ಮಾಡಿಕೊಂಡು ಅಂಕೋಲಾ, ಅರಬೈಲ್ ಘಟ್ಟ, ಯಲ್ಲಾಪುರದ ಮೇಲೆ ಧಾರವಾಡ ಸೇರಿದೆವು. ಅಪ್ಪ, ಅವ್ವನನ್ನು ಮನೆಗೆ ಬಿಟ್ಟು ನಾವು ಮೂವರು ವಂದೇ ಭಾರತ್ ಹಿಡಿದು ಪುಣೆಗೆ ಬಂದೆವು. ಅಪ್ಪನಿಗೆ ಈಗ ಹಡಗಿನ ನೆನಪಿಲ್ಲ. ಕಾರವಾರಕ್ಕೆ ಹೋಗಿದ್ದು ಕೆಲವು ದಿನ ನೆನಪಿರುತ್ತದೆ, ಕೆಲವು ದಿನ ಇರುವುದಿಲ್ಲ.

ನೀವೂ ಹೊರಟಿದ್ದರೆ ನಕಾಶೆ ತೆರೆಯುವ ಮೊದಲು ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರು ನೋಡಿ. ಅವರನ್ನು ಕೂರಿಸಿಕೊಂಡು ಕೇಳಿ. "ನಿಮಗ ಹೆಂಗ ತಿಳೀತದ ಹಂಗ" ಎಂದೇ ಮೊದಲು ಹೇಳುತ್ತಾರೆ. ಅಷ್ಟಕ್ಕೆ ಬಿಡಬೇಡಿ, ಇನ್ನೊಮ್ಮೆ ಕೇಳಿ.