ನೀರನ್ನು ಆಳುವ ಪೆಟ್ಟಿಗೆ

ದಾವಣಗೆರೆಯ ವಿದ್ಯಾನಗರದಿಂದ ಹರಿಹರದ ತುಂಗಭದ್ರಾ ತೀರಕ್ಕೆ ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ಮರಳುವ ಪ್ರಯಾಣವು ಪ್ರಯಾಣವೆಂದು ಗಣನೆಗೆ ಬರುವಂಥದಲ್ಲ. ಹೆಚ್ಚೆಂದರೆ 15 ಕಿಲೋಮೀಟರಿನ ಆಸುಪಾಸಿನ ಹಾದಿ. ಆದರೆ ಅಲ್ಲಿಯ ಹರಿಹರೇಶ್ವರ ದೇವಾಲಯದ ಎದುರಿಗೆ ಕುಳಿತು ಅಂಗೈಯಗಲದ ಕಾಗದದ ಮೇಲೆ ಚಿಕಣಿ ಚಿತ್ರವೊಂದನ್ನು ಬರೆಯಬೇಕೆಂದು ಹೊರಡುವವನು, ತನ್ನ ಕುಂಚ, ಬಣ್ಣ, ಕಾಗದ, ನೀರು ಇವೆಲ್ಲವನ್ನೂ ಕೈಚೀಲದ ಒಂದು ಮೂಲೆಯಲ್ಲಿ ಹಿಡಿಸತಕ್ಕ ಡಬ್ಬಿಯೊಳಗೆ ಅಡಕಗೊಳಿಸಲು ಕುಳಿತನೆಂದರೆ, ಆ ಕೆಲಸವು ಹೊರನೋಟಕ್ಕೆ ತೋರುವಷ್ಟು ಸುಲಭವಾದುದಲ್ಲ. ಆ ಡಬ್ಬಿಯಲ್ಲಿ ಗಾಲಿಯಿಲ್ಲ, ತಿರುಗುವ ಕೀಲಿಲ್ಲ. ಆದರೂ ಅದನ್ನು ನಾನು ಯಂತ್ರವೆಂದೇ ಭಾವಿಸುತ್ತೇನೆ. ಅದರ ಒಂದೊಂದು ಅಂಗವೂ ನೀರನ್ನು ಹಿಡಿದಿಡುವುದಕ್ಕೋ, ಅಳತೆಯರಿತು ಬಿಡುವುದಕ್ಕೋ ಏರ್ಪಟ್ಟಿದೆ. ಈ ದೃಷ್ಟಿಯಿಂದ ನೋಡಿದರೆ ಯಾವುದನ್ನು ಒಯ್ಯಬೇಕು, ಯಾವುದನ್ನು ಮನೆಯಲ್ಲಿಯೇ ಬಿಡಬೇಕು ಎಂಬ ಪ್ರಶ್ನೆಯು ಬಹುಮಟ್ಟಿಗೆ ತಾನಾಗಿಯೇ ಇತ್ಯರ್ಥವಾಗುತ್ತದೆ.

ಮೊದಲು ಕೆಲಸದ ಸೂಕ್ಷ್ಮತೆಯನ್ನು ತಿಳಿಯಬೇಕು. 1224ರಲ್ಲಿ ಹೊಯ್ಸಳ ಎರಡನೆಯ ವೀರನರಸಿಂಹನ ದಂಡನಾಯಕನಾದ ಪೊಲಾಳ್ವನು ಕಟ್ಟಿಸಿದ ಆ ದೇವಾಲಯದ ಕಂಬಗಳಲ್ಲಿ, ಒಂದರ ಮೇಲೊಂದರಂತೆ ಬಳೆ ತೊಡಿಸಿದ ಹಾಗೆ ಕಡೆದ ಅಂಚುಗಳಿವೆ. ಕಂಬವನ್ನು ಬೆರಳುದ್ದಕ್ಕೆ ಇಳಿಸಿ ಬರೆಯುವಾಗ ಈ ಅಂಚುಗಳು ಕೂದಲೆಳೆಯಷ್ಟು ದಪ್ಪದ ಗೆರೆಗಳಾಗುತ್ತವೆ. ಆರೋಗ್ಯವಂತವಾದ ಮಾನವ ನೇತ್ರವು 25 ಸೆಂಟಿಮೀಟರ್ ದೂರದಿಂದ ಬಿಡಿಬಿಡಿಯಾಗಿ ಗುರುತಿಸಬಲ್ಲ ಎರಡು ಬಿಂದುಗಳ ನಡುವಣ ಅಂತರವು ಸುಮಾರು 0.07 ಮಿಲಿಮೀಟರ್; ಮನುಷ್ಯನ ತಲೆಗೂದಲಿನ ದಪ್ಪವೂ ಹೆಚ್ಚುಕಡಿಮೆ ಅಷ್ಟೆ. ಅಂದರೆ ಚಿಕಣಿಕಾರನು ದೃಷ್ಟಿಶಕ್ತಿಯ ಕಟ್ಟಕಡೆಯ ಗಡಿಯಲ್ಲಿ ಕುಳಿತು ಕೆಲಸಮಾಡುತ್ತಾನೆ. ಎಷ್ಟೇ ಸ್ಥಿರವೆಂದು ತೋರುವ ಕೈಯಲ್ಲಿಯೂ ಸೆಕೆಂಡಿಗೆ 8ರಿಂದ 12 ಬಾರಿ ಅತಿ ಲಘುವಾದ ಕಂಪನವೊಂದು ಸ್ವಭಾವತಃ ಇದ್ದೇ ಇರುತ್ತದೆ. ಆದುದರಿಂದ ಮಣಿಕಟ್ಟನ್ನು ಊರಿಕೊಳ್ಳಲು ಗಟ್ಟಿಯಾದ ಅಂಚು ಬೇಕು. ಡಬ್ಬಿಯ ಮುಚ್ಚಳವೇ ಆ ಅಂಚಾಗುವಂತೆ ಆರಿಸಿಕೊಂಡರೆ ಬೇರೆಯ ಹಲಗೆಯನ್ನು ಹೊರುವ ಅಗತ್ಯವಿಲ್ಲ. ನಲವತ್ತು ದಾಟಿದವರು 10 ಸೆಂಟಿಮೀಟರ್ ಸಂಗಮದೂರದ ಒಂದು ಪೀನ ಮಸೂರವನ್ನು ತಪ್ಪದೆ ಇಟ್ಟುಕೊಳ್ಳಬೇಕು.

ಇನ್ನು ಕುಂಚದ ವಿಚಾರ. ಪೆಟ್ಟಿಗೆಯ ಜೀವವೆಲ್ಲ ಇರುವುದು ಇಲ್ಲಿ. ಆದಕಾರಣ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಒಣಗಿದ ಕುಂಚದ ಕೂದಲುಗಳು ಕೆದರಿರುತ್ತವೆ, ನೀರಿನಲ್ಲಿ ಅದ್ದಿ ತೆಗೆದೊಡನೆ ಅವೆಲ್ಲ ಕೂಡಿ ಸೂಜಿಯ ಮೊನೆಯಾಗುತ್ತವೆ. ನೆನೆದುದರಿಂದ ಕೂದಲುಗಳು ಅಂಟಿಕೊಂಡವೆಂದು ನಾವು ಸಹಜವಾಗಿ ಹೇಳಿಬಿಡುತ್ತೇವೆ. ಆದರೆ ಅದೇ ಕುಂಚವನ್ನು ಗಾಜಿನ ಲೋಟದ ನೀರಿನೊಳಗೆ ಪೂರ್ತಿಯಾಗಿ ಮುಳುಗಿಸಿ ಹಿಡಿದು ನೋಡಿದರೆ, ಅಲ್ಲಿ ಪೂರಾ ನೆನೆದಿದ್ದರೂ ಕೂದಲುಗಳು ಒಣಗಿದ್ದಾಗಿನಂತೆಯೇ ಬಿಡಿಬಿಡಿಯಾಗಿ ನಿಂತಿರುವುದು ಕಾಣುತ್ತದೆ. ಹರಿಹರದ ಹೊಳೆಯಲ್ಲಿ ಮುಳುಗು ಹಾಕುವವರ ತಲೆಗೂದಲು ನೀರೊಳಗೆ ಹರಡಿಕೊಂಡು, ತಲೆ ಮೇಲೆತ್ತಿದಾಕ್ಷಣ ನೆತ್ತಿಗೆ ಅಂಟಿಕೊಳ್ಳುವುದೂ ಇದೇ ಬಗೆಯದು. ಇಂಗ್ಲೆಂಡಿನ ಭೌತವಿಜ್ಞಾನಿ ಸಿ. ವಿ. ಬಾಯ್ಸ್ ಅವರು ಸೋಪಿನ ಗುಳ್ಳೆಗಳನ್ನು ಕುರಿತು ಬಾಲಕರಿಗಾಗಿ ಮಾಡಿ 1890ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದ ಉಪನ್ಯಾಸಗಳನ್ನು ಈ ಕುಂಚದ ಪ್ರಯೋಗದ ಬಳಿಯೇ ಪ್ರಾರಂಭಿಸಿದರು. ವಿಜ್ಞಾನವನ್ನು ಜನಕ್ಕೆ ತಿಳಿಯಹೇಳುವ ಕಲೆಯಲ್ಲಿ ಇದಕ್ಕಿಂತ ಸರಳವೂ ಸುಂದರವೂ ಆದ ಆರಂಭವನ್ನು ನಾನು ಕಂಡಿಲ್ಲ.

ಕೂದಲುಗಳನ್ನು ಒಗ್ಗೂಡಿಸುವುದು ತೇವವಲ್ಲ, ತೇವದ ಹೊರಮೈ. ನೀರಿನ ಅಣುಗಳು ಪರಸ್ಪರ ಆಕರ್ಷಿಸಿಕೊಳ್ಳುವುದರಿಂದ, ಗಾಳಿಗೆ ಒಡ್ಡಿದ ಅದರ ಮೇಲ್ಮೈಯು ಸದಾ ತನ್ನ ವಿಸ್ತೀರ್ಣವನ್ನು ಕುಗ್ಗಿಸಿಕೊಳ್ಳಲು ಹವಣಿಸುತ್ತದೆ. ಇದನ್ನೇ ಮೇಲ್ಮೈ ಎಳೆತವೆನ್ನುವುದು. ನೀರೊಳಗಿರುವ ಕುಂಚದ ಸುತ್ತ ಅಂಥ ಮೇಲ್ಮೈಯಿಲ್ಲ. ಹೊರಗೆ ತೆಗೆದಾಗ ಕೂದಲುಗಳ ಗೊಂಚಲನ್ನು ಸುತ್ತುವರಿದ ನೀರಿನ ಪೊರೆಯು ಎಲ್ಲ ಕಡೆಯಿಂದಲೂ ಒಳಕ್ಕೆ ಎಳೆಯುತ್ತದೆ. ಕೂದಲಿನ ಬಾಗುಬಲವು ಅದಕ್ಕೆ ಎದುರು ನಿಲ್ಲುತ್ತದೆ. ಈ ಎರಡು ಬಲಗಳು ಸಮನಾದ ಎಡೆಯಲ್ಲಿ ಮೊನೆಯು ರೂಪುಗೊಳ್ಳುತ್ತದೆ. ಕೂದಲುಗಳ ನಡುವಣ ಸಂದುಗಳು ಅತಿ ಕಿರಿದಾದ ನಾಳಗಳಂತೆ ವರ್ತಿಸಿ ನೀರನ್ನು ಮೇಲಕ್ಕೆ ಸೆಳೆದು ಹಿಡಿದಿಡುತ್ತವೆ. ನಾಳವು ಕಿರಿದಾದಷ್ಟೂ ನೀರು ಎತ್ತರಕ್ಕೇರುತ್ತದೆಂಬುದನ್ನು ಹದಿನೆಂಟನೆಯ ಶತಮಾನದ ಆದಿಯಲ್ಲಿ ಜೇಮ್ಸ್ ಜುರಿನ್ ವಿವರಿಸಿದನು, 0.1 ಮಿಲಿಮೀಟರ್ ತ್ರಿಜ್ಯದ ಗಾಜಿನ ನಾಳದಲ್ಲಿ ಅದು ಸುಮಾರು 15 ಸೆಂಟಿಮೀಟರಿನಷ್ಟು ಏರಬಲ್ಲುದು. ಕುಂಚವನ್ನು ಕೆಳಮುಖವಾಗಿ ಹಿಡಿದರೂ ಬಣ್ಣವು ತೊಟ್ಟಿಕ್ಕದಿರುವುದಕ್ಕೂ, ಇನ್ನಷ್ಟು ಕಿರಿದಾದ ಸಂದುಗಳುಳ್ಳ ಕಾಗದಕ್ಕೆ ಮೊನೆಯು ತಾಗಿದೊಡನೆ ಬಣ್ಣವು ಧಾರಾಳವಾಗಿ ಇಳಿದುಬರುವುದಕ್ಕೂ ಈ ಕೇಶಾಕರ್ಷಣವೇ ಕಾರಣ. ಆದುದರಿಂದ ಸೂಕ್ಷ್ಮವಾದ ಗೆರೆಗೆ ಅತಿ ಸಣ್ಣ ಕುಂಚವೇ ಬೇಕೆಂಬ ನಂಬಿಕೆಯು ಸರಿಯಲ್ಲ. ಹೊಟ್ಟೆ ತುಂಬಿಕೊಂಡು ಮೊನೆ ಚೂಪಾಗಿರುವ ನಡುಗಾತ್ರದ ಕುಂಚವೊಂದು ತನ್ನೊಳಗೆ ಹೆಚ್ಚು ನೀರನ್ನು ಕಾಯ್ದಿಟ್ಟುಕೊಂಡು, ಉದ್ದನೆಯ ಗೆರೆಯನ್ನು ನಡುವೆ ಬತ್ತದಂತೆ ಎಳೆಯುತ್ತದೆ. ಮೂರೇ ಕೂದಲಿನಂಥ ಕುಂಚವಾದರೋ ಗೆರೆಯ ಅರ್ಧದಲ್ಲಿಯೇ ಒಣಗಿ ನಿಲ್ಲುತ್ತದೆ. ಪಯಣದ ಡಬ್ಬಿಗೆ ನಡುಗಾತ್ರದ ಕುಂಚಗಳು ಎರಡು ಸಾಕು.

ನಮ್ಮ ಮೈಸೂರಿನ ಚಿತ್ರಗಾರರು ಇದನ್ನು ಅನುಭವದಿಂದಲೇ ಅರಿತಿದ್ದರು. ಅವರು ಅಳಿಲಿನ ಬಾಲದ ಕೂದಲನ್ನು ರೇಷ್ಮೆಯ ಎಳೆಯಿಂದ ಬಿಗಿದು, ಹಕ್ಕಿಯ ಗರಿಯ ಟೊಳ್ಳಾದ ಬುಡದಲ್ಲಿ ಸೇರಿಸಿ ಕುಂಚಗಳನ್ನು ಮಾಡಿಕೊಳ್ಳುತ್ತಿದ್ದರು; ನೆನೆಸಿದ ಗರಿಯು ಮೆತ್ತಗಾಗಿ, ಒಣಗುವಾಗ ಕುಗ್ಗಿ ಕೂದಲನ್ನು ತಾನೇ ಬಿಗಿಯಾಗಿ ಹಿಡಿಯುತ್ತದೆ. ಅಳಿಲಿನ ಕೂದಲು ನೀರನ್ನು ಬಹಳವಾಗಿ ಹಿಡಿಯುವುದಾದರೂ ಬಾಗಿದ ಮೇಲೆ ನೆಟ್ಟಗೆ ಪುಟಿಯುವ ಗುಣ ಅದಕ್ಕೆ ಕಡಮೆ. ಸೈಬೀರಿಯದ ವೀಸಲ್ ಎಂಬ, ನಮ್ಮ ಮುಂಗುಸಿಯಂತೆ ನೀಳದೇಹದ ಪ್ರಾಣಿಯ ಬಾಲದಿಂದ ದೊರೆಯುವ ಕೊಲಿನ್ಸ್ಕಿ ಕೂದಲಿನಲ್ಲಿ ಎರಡು ಗುಣಗಳೂ ಸೇರಿರುವುದರಿಂದಲೇ ಯೂರೋಪಿನ ಕುಂಚಗಳಲ್ಲಿ ಅದಕ್ಕೆ ಅಗ್ರಸ್ಥಾನ. ಯಾವ ಕೂದಲೇ ಆಗಲಿ, ಅದರ ಮೈಮೇಲೆ ಒಂದರಮೇಲೊಂದು ಹೊದಿಸಿದಂಥ ಸೂಕ್ಷ್ಮವಾದ ಪೊರೆಚಕ್ಕೆಗಳಿರುತ್ತವೆ. ನೀರು ಅವುಗಳ ಅಂಚಿಗೆ ತಗಲಿಕೊಂಡು ನಿಲ್ಲುತ್ತದೆ. ನಮ್ಮ ದೇಶದಲ್ಲಿ ಮುಂಗುಸಿಯ ಗಡುಸು ಕೂದಲಿಗೆ ಬಹುಕಾಲ ಬೇಡಿಕೆಯಿತ್ತು. ಅದಕ್ಕಾಗಿ ಆ ನಿರುಪದ್ರವಿ ಜೀವಿಗಳನ್ನು ಅಸಂಖ್ಯವಾಗಿ ಕೊಂದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಮುಂಗುಸಿಗೆ ರಕ್ಷಣೆಯನ್ನು ಕೊಟ್ಟಿದೆ. ಆ ಕುಂಚವನ್ನು ಮಾರುವುದು ಅಪರಾಧ. ಆದರೂ ಗುಟ್ಟಿನ ವ್ಯಾಪಾರ ನಿಲ್ಲದಿದ್ದುದರಿಂದ 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ ‘ಆಪರೇಷನ್ ಕ್ಲೀನ್ ಆರ್ಟ್’ ಎಂಬ ಹೆಸರಿನಲ್ಲಿ ದೇಶದ ಹಲವೆಡೆ ಶೋಧ ನಡೆಸಬೇಕಾಯಿತು. ಒಂದು ಪ್ರಾಣಿಯ ರಕ್ತದಿಂದ ತೋಯ್ದ ಉಪಕರಣವು ದೇವಾಲಯದ ಚಿತ್ರವನ್ನು ಬರೆಯಲು ಯೋಗ್ಯವಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. 1935ರಲ್ಲಿ ವ್ಯಾಲೇಸ್ ಕೆರೋದರ್ಸ್ ಅವರ ಪ್ರಯೋಗಶಾಲೆಯಲ್ಲಿ ಹುಟ್ಟಿದ ನೈಲಾನು ಮತ್ತು ಅದರ ಬಂಧುಗಳಾದ ಕೃತಕ ಎಳೆಗಳನ್ನು ತುದಿಯತ್ತ ಸಪೂರವಾಗುವಂತೆ ಮಾಡಿದ ಕುಂಚಗಳು ಇಂದು ಅಂಗಡಿಗಳಲ್ಲಿ ಹೇರಳವಾಗಿವೆ. ಎಳೆಯ ಮೈ ನುಣುಪಾದುದರಿಂದ ಅವು ಹಿಡಿಯುವ ನೀರು ಕಡಮೆ, ಮೇಲಿಂದ ಮೇಲೆ ಅದ್ದಬೇಕಾಗುತ್ತದೆ, ಕಾಲಕ್ರಮದಲ್ಲಿ ತುದಿಯು ಕೊಕ್ಕೆಯಂತೆ ಬಾಗುವುದೂ ಉಂಟು. ಆದರೆ ಚಿಕಣಿಯಂಥ ಅಲ್ಪಜಲದ ಕೆಲಸಕ್ಕೆ ಈ ಕೊರತೆಗಳು ಅಡ್ಡಿಯಾಗುವುದಿಲ್ಲ.

ಬಣ್ಣಗಳಲ್ಲಿ ಬಿಲ್ಲೆಯ ರೂಪದವೇ ಪ್ರಯಾಣಕ್ಕೆ ಉತ್ತಮ. ವರ್ಣದ್ರವ್ಯದ ನುಣ್ಣನೆಯ ಪುಡಿಯನ್ನು ಅರಬ್ಬಿ ಗೋಂದಿನಲ್ಲಿ ಕಲಸಿ ಒಣಗಿಸಿದರೆ ಬಿಲ್ಲೆಯಾಗುತ್ತದೆ. ಲಂಡನ್ನಿನ ರೀವ್ಸ್ ಎಂಬಾತನ ಬಿಲ್ಲೆಗಳಿಗೆ 1781ರಲ್ಲಿ ಅಲ್ಲಿಯ ಕಲಾಸಂಘವು ಪಾರಿತೋಷಕವನ್ನಿತ್ತಿತು. ಅಲ್ಲಿಂದ ಮುಂದೆ ಚಿತ್ರಕಾರರು ಬಣ್ಣ ಅರೆಯುವ ಕಲ್ಲನ್ನು ಮನೆಯಲ್ಲಿ ಬಿಟ್ಟು ಬೆಟ್ಟ ಹೊಳೆಗಳ ಕಡೆಗೆ ನಡೆದರು. 1835ರ ಸುಮಾರಿಗೆ ಗ್ಲಿಸರಿನ್ ಸೇರಿಸಿದ ಮೃದುವಾದ ಬಿಲ್ಲೆಗಳು ಬಂದವು. ಗ್ಲಿಸರಿನ್ನಿಗೆ ಗಾಳಿಯ ತೇವವನ್ನು ಹೀರಿ ಹಿಡಿದುಕೊಳ್ಳುವ ಗುಣವಿರುವುದರಿಂದ, ಒಣಹವೆಯ ದಾವಣಗೆರೆಯಲ್ಲಿಯೂ ಬಿಲ್ಲೆಯು ಬಿರಿಯದೆ, ಒದ್ದೆ ಕುಂಚ ಸೋಕಿದೊಡನೆ ಬಣ್ಣವನ್ನು ಬಿಟ್ಟುಕೊಡುತ್ತದೆ. ಅಕ್ರಿಲಿಕ್ ಬಣ್ಣಗಳ ಸ್ವಭಾವವು ಇದಕ್ಕೆ ವಿರುದ್ಧವಾದುದು: ನೀರು ಆರುತ್ತಲೇ ಅವುಗಳ ರಾಳದ ಕಣಗಳು ಒಂದರೊಳಗೊಂದು ಬೆಸೆದುಕೊಂಡು, ಮತ್ತೆ ನೀರಿಗೆ ಕರಗದ ಪೊರೆಯಾಗುತ್ತವೆ. ಅವನ್ನೇ ಒಯ್ಯುವ ಹಟವಿದ್ದರೆ, ಒದ್ದೆಯ ಸ್ಪಂಜಿನ ಮೇಲೆ ತೆಳುವಾದ ಬೆಣ್ಣೆಕಾಗದವನ್ನು ಹಾಸಿ ಅದರ ಮೇಲೆ ಬಣ್ಣವನ್ನಿಡಬೇಕು.

ದಾವಣಗೆರೆಯ ಬೇಸಗೆಯೇ ಚಿಕಣಿಕಾರನಿಗೆ ಒಂದು ಪರೀಕ್ಷೆ. ಚೈತ್ರ ವೈಶಾಖಗಳ ಬಿಸಿಗಾಳಿಯಲ್ಲಿ ಕಾಗದದ ಮೇಲಿಟ್ಟ ಬಣ್ಣದ ಹನಿಯು ನೋಡುನೋಡುತ್ತಲೇ ಆರುತ್ತದೆ. ಆರಿದ ಮೇಲೆ ನೋಡಿದರೆ ನಡುವೆ ತೆಳುವಾಗಿಯೂ ಅಂಚಿನಲ್ಲಿ ಕಡುವಾಗಿಯೂ ಇರುತ್ತದೆ. ಚೆಲ್ಲಿದ ಕಾಫಿಯು ಒಣಗಿ ಮೇಜಿನ ಮೇಲೆ ಉಳಿಸುವ ಉಂಗುರವೂ ಇದೇ. ಇಷ್ಟು ಪರಿಚಿತವಾದ ಸಂಗತಿಯ ಕಾರಣವನ್ನು ಷಿಕಾಗೋ ವಿಶ್ವವಿದ್ಯಾಲಯದ ರಾಬರ್ಟ್ ಡೀಗನ್ ಮತ್ತು ಸಂಗಡಿಗರು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಸ್ಪಷ್ಟಪಡಿಸಿದರು. ಹನಿಯ ಅಂಚು ಕಾಗದದ ಒರಟುತನಕ್ಕೆ ಸಿಕ್ಕಿ ಹಿಂದೆಗೆಯಲಾರದು. ಅಂಚಿನಲ್ಲಿಯೇ ನೀರು ಬೇಗನೆ ಆವಿಯಾಗುತ್ತದೆ. ಆ ನಷ್ಟವನ್ನು ತುಂಬಲು ನಡುವಿನಿಂದ ಅಂಚಿನತ್ತ ಒಂದು ಹರಿವು ಹುಟ್ಟಿ, ತನ್ನೊಡನೆ ವರ್ಣಕಣಗಳನ್ನೂ ಕೊಂಡೊಯ್ದು ಅಂಚಿನಲ್ಲಿ ರಾಶಿ ಹಾಕುತ್ತದೆ. ಅಬನೀಂದ್ರನಾಥ ಠಾಕೂರರ ಶಿಷ್ಯರೂ, ಚಿತ್ರಗಾರ ಮನೆತನದಲ್ಲಿ ಹುಟ್ಟಿದವರೂ ಆದ ನಮ್ಮ ಕೆ. ವೆಂಕಟಪ್ಪನವರು ಉದಕಮಂಡಲದ ಗಿರಿಗಳನ್ನು ಜಲವರ್ಣದಲ್ಲಿ ಬರೆದರು. ಅಲ್ಲಿಯ ತಂಪಾದ ತೇವದ ಹವೆಯಲ್ಲಿ ನೀರು ನಿಧಾನವಾಗಿ ಆರುವುದರಿಂದ, ವಿಶಾಲವಾದ ಆಕಾಶವನ್ನು ಒಂದೇ ಸಮನೆ ಹರಡುವುದಕ್ಕೆ ಚಿತ್ರಕಾರನಿಗೆ ಕಾಲಾವಕಾಶ ಸಿಗುತ್ತದೆ. ಬಯಲುಸೀಮೆಯಲ್ಲಿ ಅದು ದುರ್ಲಭ. ಇಲ್ಲಿಯ ಉಪಾಯವೆಂದರೆ ಚಿಕಣಿಯ ಸನಾತನ ಉಪಾಯವೇ: ಅದ್ದಿದ ಕುಂಚವನ್ನು ಹಳೆಯ ಹತ್ತಿಬಟ್ಟೆಗೆ ಒತ್ತಿ ನೀರನ್ನು ಬಹುವಾಗಿ ಹೀರಿಸಿ, ಉಳಿದ ಅತ್ಯಲ್ಪ ತೇವದಿಂದ ಸಣ್ಣ ಸಣ್ಣ ಗೆರೆಗಳನ್ನೂ ಚುಕ್ಕೆಗಳನ್ನೂ ಪದರಪದರವಾಗಿ ಕೂಡಿಸುತ್ತ ಹೋಗುವುದು. ಒಂದೊಂದು ಚುಕ್ಕೆಯಲ್ಲಿಯೂ ಹರಿವು ಹುಟ್ಟುವಷ್ಟು ನೀರೂ ಇರುವುದಿಲ್ಲ, ಹೊತ್ತೂ ಇರುವುದಿಲ್ಲ. ಹೀಗಾಗಿ ಉಂಗುರವು ಮೂಡದೆ ಬಣ್ಣವು ಸಮನಾಗಿ ನಿಲ್ಲುತ್ತದೆ. ಒಂದು ಚೂರು ಮೆತ್ತನೆಯ ಹತ್ತಿಬಟ್ಟೆಯನ್ನು ಡಬ್ಬಿಯಲ್ಲಿ ಮರೆಯುವುದು ಕುಂಚವನ್ನೇ ಮರೆತಷ್ಟು ದೊಡ್ಡ ಲೋಪ.

ಕಾಗದದ ವಿಚಾರದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಅಂಟು ಸವರದ ಕಾಗದವು ನೀರನ್ನು ಎಳೆಎಳೆಯಾಗಿ ಹೀರಿ ಗೆರೆಯನ್ನು ಚೆದರಿಸುತ್ತದೆ. ಸರಿಯೋ ಜಿಲೆಟಿನ್ನೋ ಸವರಿ, ಒಣಗಿದ ಮೇಲೆ ನುಣುಪಾದ ಕಲ್ಲಿನಿಂದ ಉಜ್ಜಿದರೆ ನಾರುಗಳ ಸಂದುಗಳು ಮುಚ್ಚಿ, ಗೆರೆಯು ಎಳೆದಲ್ಲಿಯೇ ನಿಲ್ಲುತ್ತದೆ. ಉಜ್ಜುವ ಕಲ್ಲನ್ನು ಒಯ್ಯಬೇಕಿಲ್ಲ, ಉಜ್ಜಿದ ಕಾಗದದ ತುಂಡುಗಳನ್ನು ಒಯ್ದರಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು ಪ್ರೀತಿಯಿಂದ ಪೋಷಿಸಿದ ಗಂಜೀಫಾ ಆಟದ ಎಲೆಗಳನ್ನು ನೋಡಿದವರಿಗೆ, ಅಂಗೈಯಲ್ಲಿ ಅಡಗುವ ಅವಕಾಶದಲ್ಲಿ ಪರಿವಾರಸಹಿತನಾದ ದೇವತೆಯನ್ನೇ ಕೂರಿಸಬಹುದೆಂಬುದು ತಿಳಿದಿರುತ್ತದೆ. ಆ ಅಳತೆಯ ಐದಾರು ತುಂಡುಗಳು ಒಂದು ದಿನಕ್ಕೆ ಧಾರಾಳ.

ಕೊನೆಯದಾಗಿ ನೀರಿನ ಶೀಸೆ. ಅರ್ಧ ತುಂಬಿದ ಶೀಸೆಯನ್ನು ಬಿಸಿಲಿನ ಬಸ್ಸಿನಲ್ಲಿ ಒಯ್ದರೆ ಅದು ಒಸರುವುದೇಕೆಂಬುದು ಸುಲಭವಾದ ಲೆಕ್ಕ: 25 ಡಿಗ್ರಿಯಿಂದ 40 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಗಾಳಿಯು ಶೇಕಡಾ 5ರಷ್ಟು ಹಿಗ್ಗುತ್ತದೆ, ದಾರಿಯಿಲ್ಲದೆ ನೀರನ್ನು ಮುಚ್ಚಳದ ಸಂದಿನಿಂದ ಹೊರದೂಡುತ್ತದೆ. ಕಂಠಮಟ್ಟ ತುಂಬಿದ ಶೀಸೆಯಲ್ಲಿ ಹಿಗ್ಗಲು ಗಾಳಿಯೇ ಇಲ್ಲದಿರುವುದರಿಂದ ಈ ಭಯವು ಬಹಳ ಕಡಮೆ. ಅದನ್ನು ಕಾಗದದಿಂದ ದೂರವಾಗಿ, ಬಾಯಿ ಮೇಲಾಗಿ ನಿಲ್ಲಿಸಬೇಕು. ಜೊತೆಗೆ ಖಾಲಿಯಾದ ಇನ್ನೊಂದು ಶೀಸೆಯಿರಬೇಕು. ಏಕೆಂದರೆ ಕುಂಚ ತೊಳೆದ ನೀರನ್ನು ತುಂಗಭದ್ರೆಗೆ ಚೆಲ್ಲಬಾರದು. ಹಳೆಯ ಚಿತ್ರಗಾರರ ಹರಿದಾಳವು ಆರ್ಸೆನಿಕ್ಕಿನ ಸಂಯುಕ್ತ, ಇಂಗಲೀಕವು ಪಾದರಸದ್ದು. ಇಂದಿನ ಕೆಲವು ಹಳದಿ ಕೆಂಪುಗಳಲ್ಲಿ ಕ್ಯಾಡ್ಮಿಯಂ ಇದೆ. ಪ್ರಮಾಣವು ಅತ್ಯಲ್ಪವೆಂಬುದು ನಿಜ, ಆದರೆ ಆ ಹೊಳೆಯ ನೀರನ್ನು ಕುಡಿಯುವವರು ಬಹುಮಂದಿ. ಬಣ್ಣದ ನೀರನ್ನು ಖಾಲಿ ಶೀಸೆಯಲ್ಲಿ ಮನೆಗೆ ತಂದು ರಾತ್ರಿಯಿಡೀ ಅಲುಗಿಸದೆ ಇಟ್ಟರೆ ಭಾರವಾದ ಕಣಗಳು ಬಹುಪಾಲು ತಳಕ್ಕೆ ಇಳಿಯುತ್ತವೆ. ಮೇಲಣ ತಿಳಿಯನ್ನು ಮರುದಿನದ ಮೊದಲ ತೊಳೆತಕ್ಕೆ ಬಳಸಿಕೊಂಡು, ತಳದ ಗಸಿಯನ್ನು ಕಾಗದದಲ್ಲಿ ಒಣಗಿಸಿ ಕಟ್ಟಿ ಕಸದೊಡನೆ ಬೇರೆಯಾಗಿ ಕೊಡಬೇಕು. ಕುಂಚವನ್ನು ತಣ್ಣೀರಿನಲ್ಲಿ ತೊಳೆದು, ಬೆರಳಿನಿಂದ ಮೊನೆಗೂಡಿಸಿ, ಮಲಗಿಸಿಯೇ ಆರಿಸಬೇಕು. ನಿಲ್ಲಿಸಿದರೆ ನೀರು ತಗಡಿನ ಕಟ್ಟಿನೊಳಗಿಳಿದು ಒಳಗಿನ ಅಂಟನ್ನು ಸಡಿಲಿಸುತ್ತದೆ, ಹಿಡಿಯ ಮರವನ್ನು ಉಬ್ಬಿಸುತ್ತದೆ. ಪೂರಾ ಆರುವ ಮೊದಲು ಡಬ್ಬಿಯನ್ನು ಮುಚ್ಚಿದರೆ ಬೂಷ್ಟು ಹಿಡಿಯುವುದು ನಿಶ್ಚಯ. ಆರಿದ ಮೇಲೆ ತೆರೆದಿಟ್ಟರೆ, ಉಣ್ಣೆಯನ್ನು ತಿನ್ನುವ ಪತಂಗದ ಮರಿಹುಳು ಪ್ರಾಣಿಗೂದಲನ್ನೂ ಬಿಡದು. ಹೀಗಾಗಿ ಹಿಂದಿರುಗಿದ ರಾತ್ರಿ ಮುಚ್ಚಳವು ತೆರೆದಿರಬೇಕು, ಮರುದಿನ ಬೆಳಗ್ಗೆ ಅದನ್ನು ಭದ್ರವಾಗಿ ಹಾಕಬೇಕು.